ಲ್ಯಾಬಕ್ಕ ಒರೆಸಿದ ನೆಲ

ಆ ಶಾಲೆಗೆ ಹೋಗಿ ಲ್ಯಾಬಕ್ಕ ಎಲ್ಲಿ ಎಂದು ಯಾರನ್ನು ಕೇಳಿದರೂ ಎರಡನೇ ಮಹಡಿಯ ಮೂಲೆಯ ಕೋಣೆಗೆ ಕೈ ತೋರಿಸುತ್ತಾರೆ. ಹಾಜರಿ ಪುಸ್ತಕ ತೆಗೆದರೆ ಮಾತ್ರ ಆಕೆ ಬರೀ ಕಸ ಗುಡಿಸುವವಳು. ಕರೆಯುವ ಹೆಸರಿಗೂ ಕೊಟ್ಟ ಹುದ್ದೆಗೂ ಅಜಗಜಾಂತರ. ಹತ್ತೊಂಬತ್ತು ವರ್ಷದಿಂದ ವಿಜ್ಞಾನದ ಲ್ಯಾಬಿನ ನೆಲ ಒರೆಸಿ, ಗಾಜಿನ ಸಾಮಾನು ತೊಳೆದು, ಕಪಾಟಿಗೆ ಬೀಗ ಹಾಕಿ ಹೋಗುವವಳು ಆಕೆಯೇ. ಅದಕ್ಕೇ ಮಕ್ಕಳು ಹಾಗೆ ಕರೆದರು, ದೊಡ್ಡವರೂ ಅದನ್ನೇ ಹಿಡಿದುಕೊಂಡರು. ಪ್ರೀತಿಯಿಂದ ಕರೆದ ಮಾತ್ರಕ್ಕೆ ಸಂಬಳವೇನೂ ಏರುವುದಿಲ್ಲ ಬಿಡಿ.

ಆಳು ನೋಡಿದರೆ ಕಡ್ಡಿ ಪೈಲ್ವಾನ್, ಬಾಯಿ ಮಾತ್ರ ಏಳು ಊರಿಗೆ ಸಾಕು. ಲ್ಯಾಬಿನ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತು, "ಚಪ್ಪಲಿ ಆಚೆ! ಶೂ ಆಚೆ! ಕಾಲೊರೆಸ್ಕೊಂಡು ಒಳಗೆ!" ಎಂದು ಕೂಗಿದರೆ ಹತ್ತನೇ ಕ್ಲಾಸಿನ ತಲೆಹರಟೆಗಳೂ ಬಾಲ ಮುದುರಿಕೊಂಡು ಸಾಲಾಗಿ ಬರುತ್ತಿದ್ದರು. ಒಮ್ಮೆ ತಪಾಸಣೆಗೆ ಬಂದ ದೊಡ್ಡ ಅಧಿಕಾರಿಯನ್ನೂ ಹಾಗೇ ನಿಲ್ಲಿಸಿದ್ದಳು. ಹೆಡ್‌ಮಿಸ್ಸಿಗೆ ಆವತ್ತು ಎದೆ ಝಲ್ಲೆಂದಿತ್ತು. ಅಧಿಕಾರಿ ಮಾತ್ರ ಕಮಕ್ ಕಿಮಕ್ ಎನ್ನದೆ ಶೂ ಬಿಚ್ಚಿ, ಹೋಗುವಾಗ ಲ್ಯಾಬು ಬಹಳ ಚೊಕ್ಕಟವಾಗಿದೆ ಎಂದು ಬರೆದು ಹೋದರು. ಆ ಒಂದು ಸಾಲು ಸಾಕಾಯಿತು, ಇವಳು ಅಲ್ಲಿಂದ ಮುಂದೆ ಯಾರ ಮಾತಿಗೂ ಸೊಪ್ಪು ಹಾಕಲಿಲ್ಲ.

ಓದಿದ್ದು ಎಂಟನೇ ಕ್ಲಾಸು. ಇನ್ನೂ ಓದಬಹುದಿತ್ತು, ಅಮ್ಮ ಹಾಸಿಗೆ ಹಿಡಿದರು, ಅಲ್ಲಿಗೆ ಪುಸ್ತಕ ಮುಚ್ಚಿತು. ಆದರೆ ಕಣ್ಣು ಕಿವಿ ಯಾರೂ ಮುಚ್ಚಿರಲಿಲ್ಲವಲ್ಲ. ಲ್ಯಾಬಿಗೆ ಒಬ್ಬ ಅಸಿಸ್ಟೆಂಟ್ ಮೇಷ್ಟ್ರಿದ್ದರು, ದೇವರಂಥ ಮನುಷ್ಯ, ಆದರೆ ಎರಡೂ ಮೊಣಕಾಲು ಹೋಗಿದ್ದವು. ಕೊನೆಯ ಆರು ವರ್ಷ ಅವರು ಕುರ್ಚಿಯಲ್ಲಿ ಕೂತು ಹೇಳುವುದು, ಇವಳು ಓಡಾಡಿ ಮಾಡುವುದು. ಯಾವ ಪ್ರಯೋಗಕ್ಕೆ ಯಾವ ಸಾಮಾನು, ಯಾವ ಬಾಟಲಿಯ ಪಕ್ಕ ಯಾವ ಬಾಟಲಿ ಇಡಬಾರದು, ಯಾವ ತಂತಿ ಎಲ್ಲಿಗೆ ಸಿಕ್ಕಿಸಿದರೆ ಬಲ್ಬು ಹತ್ತುತ್ತದೆ, ಎಲ್ಲವೂ ಇವಳಿಗೆ ಕರತಲಾಮಲಕ. ಹೆಸರು ಬಾರದ ಸಾಮಾನುಗಳಿಗೆ ತಾನೇ ಹೆಸರಿಟ್ಟಿದ್ದಳು. ಒಂದು ಉದ್ದಮೂಗಿ, ಒಂದು ಡೊಳ್ಳುಹೊಟ್ಟೆ. ಮಕ್ಕಳೂ "ಅಕ್ಕಾ, ಡೊಳ್ಳುಹೊಟ್ಟೆ ಕೊಡಿ" ಎಂದೇ ಕೇಳುತ್ತಿದ್ದರು.

ಆ ಮೇಷ್ಟ್ರು ನಿವೃತ್ತರಾದ ವಾರವೇ ಶಾಲೆಯ ಕಾರ್ಯದರ್ಶಿ ಇವಳನ್ನು ಆಫೀಸಿಗೆ ಕರೆಸಿದರು. ಅವರು ಕೆಟ್ಟವರೇನಲ್ಲ. ಎಲ್ಲದಕ್ಕೂ ಕಾಗದ ಬೇಕು ಎನ್ನುವ ಜಾತಿ, ಅಷ್ಟೇ.

"ನೋಡಮ್ಮಾ, ಮುಂದಿನ ತಿಂಗಳು ಒಂದನೇ ತಾರೀಖಿಂದ ಕ್ಲೀನಿಂಗ್ ಎಲ್ಲಾ ಕಾಂಟ್ರಾಕ್ಟಿಗೆ ಕೊಡ್ತಾ ಇದ್ದೀವಿ. ಅವರದೇ ಜನ ಬರ್ತಾರೆ. ನಿಮಗೆ ಮೊದಲೇ ಹೇಳೋಣ ಅಂತ ಕರೆಸ್ದೆ."

ಹತ್ತೊಂಬತ್ತು ವರ್ಷ ಹೀಗೆ ಒಂದು ವಾಕ್ಯದಲ್ಲಿ ಮುಗಿಯುತ್ತದೆಂದು ಯಾರಿಗೆ ಗೊತ್ತಿತ್ತು? ಪಕ್ಕದಲ್ಲಿದ್ದ ಸೈನ್ಸ್ ಟೀಚರ್ ಮಾತ್ರ ಸುಮ್ಮನಿರಲಿಲ್ಲ. ವಯಸ್ಸಿನಲ್ಲಿ ಚಿಕ್ಕವರು, ಮೆತ್ತಗಿನ ದನಿ, ಆದರೆ ಹಿಡಿದ ಹಟ ಬಿಡುವವರಲ್ಲ.

"ಸಾರ್, ಅಸಿಸ್ಟೆಂಟ್ ಜಾಗ ಖಾಲಿ ಇದೆಯಲ್ಲ. ಅದನ್ನ ಇವರಿಗೇ ಕೊಡಿ. ಆರು ವರ್ಷದಿಂದ ಆ ಕೆಲಸ ಮಾಡ್ತಿರೋದು ಇವರೇ."

"ಸರ್ಟಿಫಿಕೇಟ್ ಎಲ್ಲಿದೆ ಟೀಚರ್? ನಾಳೆ ಕಮಿಟಿಯಲ್ಲಿ ಕೇಳಿದ್ರೆ ಏನು ತೋರಿಸ್ಲಿ, ನೆಲ ಒರೆಸೋ ಬಟ್ಟೆನಾ?"

"ಕೆಲಸ ತೋರಿಸ್ತಾರೆ ಸಾರ್. ಹಳೇ ವಿದ್ಯಾರ್ಥಿಗಳು ಕಳಿಸಿರೋ ರೋಬೋಟ್ ಕಿಟ್ ಹನ್ನೆರಡು ಡಬ್ಬ ಹಾಗೇ ಬಿದ್ದಿದೆ. ಅದನ್ನ ಜೋಡಿಸೋಕೆ ಇಲ್ಲಿ ಯಾರಿಗೂ ಬರಲ್ಲ, ನನಗೂ ಸರಿಯಾಗಿ ಬರಲ್ಲ. ಇವರು ಒಂದನ್ನ ಜೋಡಿಸಿ ಓಡಿಸಿದ್ರೆ?"

ಕಾರ್ಯದರ್ಶಿಗಳು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಲ್ಯಾಬಕ್ಕನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಕಡೆಗೆ ತೀರ್ಮಾನವಾಯಿತು. ಮೂರು ವಾರ ಸಮಯ. ಬರುವ ಇಪ್ಪತ್ತಾರನೇ ತಾರೀಖು, ಶನಿವಾರ ಬೆಳಗ್ಗೆ ಹತ್ತಕ್ಕೆ, ಲ್ಯಾಬಿನ ನೆಲದ ಮೇಲೆ ಕಪ್ಪು ಟೇಪು ಅಂಟಿಸಿದ ದಾರಿಯಲ್ಲಿ ರೋಬೋಟು ಗೆರೆ ಬಿಡದೆ ಎರಡು ಸುತ್ತು ಬರಬೇಕು. ಜೋಡಿಸುವುದು, ಸರಿಮಾಡುವುದು ಎಲ್ಲಾ ಲ್ಯಾಬಕ್ಕನೇ, ಬೇರೆಯವರು ಮುಟ್ಟುವಂತಿಲ್ಲ. ಮೂರು ಅವಕಾಶ. ಓಡಿದರೆ ಅಸಿಸ್ಟೆಂಟ್ ಕೆಲಸ, ಓಡದಿದ್ದರೆ ಮನೆ.

ಡಬ್ಬ ಬಿಚ್ಚಿದರೆ ಪುಟ್ಟ ಪುಟ್ಟ ಪೊಟ್ಟಣಗಳು. ಅಂಗೈಯಷ್ಟು ಅಗಲದ ಹಲಗೆ, ಹಳದಿ ಬಣ್ಣದ ಎರಡು ಮೋಟಾರು, ರಬ್ಬರ್ ಪಟ್ಟಿಯ ಎರಡು ಚಕ್ರ, ಮುಂದೆ ಉರುಳುವುದಕ್ಕೆ ಒಂದು ಗುಂಡು, ಬ್ಯಾಟರಿ ಡಬ್ಬಿ, ಒಂದಿಷ್ಟು ತಂತಿ, ಸಾಸಿವೆಯಷ್ಟು ಸಣ್ಣ ಸ್ಕ್ರೂಗಳು. ಜೊತೆಗೆ ಮಡಚಿದ ಒಂದು ಕಾಗದ. ಅದರಲ್ಲಿದ್ದ ಭಾಷೆ ಯಾವುದೋ ದೇವರಿಗೇ ಗೊತ್ತು. ಚಿತ್ರಗಳಿದ್ದವು, ಪುಣ್ಯ.

ಬೇರೆಯವರಾಗಿದ್ದರೆ ಮೊದಲು ಚಕ್ರ ಸಿಕ್ಕಿಸಿ ನೋಡುತ್ತಿದ್ದರು. ಲ್ಯಾಬಕ್ಕ ಹಾಗಲ್ಲ. ಬಿಳಿ ಬಟ್ಟೆ ಹಾಸಿದಳು. ತೊಳೆದ ಗಾಜಿನ ಸಾಮಾನು ಸಾಲಾಗಿ ಜೋಡಿಸುವ ಹಾಗೆ ಒಂದೊಂದನ್ನೂ ಒಂದೊಂದು ಜಾಗದಲ್ಲಿಟ್ಟು, ಎಷ್ಟಿವೆ ಎಂದು ಎಣಿಸಿ, ಕಾಗದದ ಚಿತ್ರದೊಂದಿಗೆ ತಾಳೆ ನೋಡಿದಳು. ಒಂದು ಸ್ಕ್ರೂ ಕಮ್ಮಿ. ಟೀಚರ್ "ಬಿಡಿ ಅಕ್ಕ, ಒಂದು ತಾನೇ" ಎಂದರು. "ಒಂದು ತಾನೇ ಅಂದ್ರೆ ಹೇಗೆ ಮೇಡಂ, ಎಲ್ಲಾ ಕೆಡೋದು ಒಂದು ತಾನೇ ಅಂದಾಗಲೇ" ಎಂದು ಡಬ್ಬದ ಮೂಲೆ ಮೂಲೆ ತಡಕಿ, ಮಡಿಕೆಯೊಳಗೆ ಅಡಗಿದ್ದ ಸ್ಕ್ರೂವನ್ನು ಹುಡುಕಿಯೇ ಬಿಟ್ಟಳು.

ಮೊದಲ ವಾರಾಂತ್ಯ ಅದನ್ನು ಮನೆಗೆ ಒಯ್ಯಲು ಟೀಚರ್ ಒಪ್ಪಿದರು. ಮನೆ ಎಂದರೆ ಎರಡು ಕೋಣೆ. ಗಂಡ ಬೇಕರಿಯಲ್ಲಿ ಒಲೆ ನೋಡಿಕೊಳ್ಳುವವನು, ಮಾತು ಖರ್ಚು ಮಾಡಿದರೆ ಮುಗಿದುಹೋಗುತ್ತದೆಂದು ನಂಬಿದವನು. ಅವನ ಪಾಲಿನ ಮಾತನ್ನೂ ಸೇರಿಸಿ ಆಡಲು ಅತ್ತೆ ಇದ್ದರು. ಎಪ್ಪತ್ತೆಂಟು ವಯಸ್ಸು, ಮಂಚದ ಮೇಲೆ ಕೂತೇ ಇಡೀ ಬೀದಿಯ ಆಡಳಿತ ನಡೆಸುವವರು.

"ಏನೇ ಅದು? ಆಟದ ಸಾಮಾನಾ? ವಯಸ್ಸಾಗ್ತಾ ಆಗ್ತಾ ಮಕ್ಕಳ ಬುದ್ಧಿ ಬಂತಾ ನಿಂಗೆ?"

"ಆಟದ್ದಲ್ಲ ಅತ್ತೆ, ಕೆಲಸದ್ದು. ಇದು ಓಡಿದ್ರೆ ನಾನು ಲ್ಯಾಬ್ ಅಸಿಸ್ಟೆಂಟು. ಓಡದಿದ್ರೆ ದಿನವಿಡೀ ಮನೇಲಿ ನಿಮ್ಮ ಪಕ್ಕದಲ್ಲೇ."

"ಅಯ್ಯೋ, ಹಾಗಾದ್ರೆ ಓಡ್ಸೇ ಬೇಗ!" ಎಂದರು ಅತ್ತೆ.

ಸಂಜೆಯ ಹೊತ್ತಿಗೆ ಎಲ್ಲಾ ಸೇರಿಸಿ, ಬ್ಯಾಟರಿ ಹಾಕಿ, ಗುಂಡಿ ಒತ್ತಿದಳು. ಅದು ಮುಂದೆ ಹೋಗುವ ಬದಲು ನಿಂತಲ್ಲೇ ಗಿರಗಿರ ತಿರುಗತೊಡಗಿತು. ಒಂದು ಚಕ್ರ ಮುಂದಕ್ಕೆ, ಒಂದು ಹಿಂದಕ್ಕೆ. ಅತ್ತೆ ಬಿದ್ದು ಬಿದ್ದು ನಕ್ಕರು. "ನನ್ನ ಮಗನ ಥರಾನೇ ಕಣೇ, ಬೇಕರಿ ಮನೆ, ಮನೆ ಬೇಕರಿ, ಅಲ್ಲಲ್ಲೇ ಸುತ್ತುತ್ತೆ!" ಬಾಗಿಲ ಬಳಿ ಟೀ ಕುಡಿಯುತ್ತಿದ್ದ ಗಂಡ ಲೋಟ ಕೆಳಗಿಟ್ಟು, ಬಗ್ಗಿ ನೋಡಿ, ಒಂದು ಮೋಟಾರಿನ ಕೆಂಪು ಕಪ್ಪು ತಂತಿಗಳತ್ತ ಬೆರಳು ತೋರಿಸಿದ. ಅದಲು ಬದಲಾಗಿದ್ದವು. ಬೇಕರಿಯ ಹಿಟ್ಟು ನಾದುವ ಯಂತ್ರಕ್ಕೂ ಒಮ್ಮೆ ಹಾಗೇ ಆಗಿತ್ತಂತೆ. ಅವಳೇ ತಂತಿ ಬದಲಿಸಿದ ಮೇಲೆ ಗಾಡಿ ನೆಟ್ಟಗೆ ಹೋಗಿ ಮಂಚದ ಕಾಲಿಗೆ ಢಿಕ್ಕಿ ಹೊಡೆಯಿತು. ಅಡಿ ನೆಲಕ್ಕೆ ಹತ್ತಿ, ನಿಧಾನವಾಗಿ ತೆವಳುವ ಅದಕ್ಕೆ ಅತ್ತೆಯೇ ಆಮೆ ಎಂದು ಹೆಸರಿಟ್ಟರು.

ಆಮೆಯ ನಿಜವಾದ ಕಷ್ಟ ಕಣ್ಣಿನದು. ಹೊಟ್ಟೆಯ ಕೆಳಗೆ ಅಕ್ಕಪಕ್ಕ ಎರಡು ಸೆನ್ಸರು, ಅವೇ ಅದರ ಕಣ್ಣು, ನಡುವೆ ಗೆರೆ. ಕಣ್ಣು ನೆಲಕ್ಕೆ ಬೆಳಕು ಬಿಡುತ್ತದೆ. ಬಿಳಿ ನೆಲವಾದರೆ ಬೆಳಕು ಹಿಂದಿರುಗುತ್ತದೆ, ಕಪ್ಪು ಟೇಪಾದರೆ ಹಿಂದಿರುಗುವುದಿಲ್ಲ. ಎಡಗಣ್ಣಿಗೆ ಕಪ್ಪು ಸಿಕ್ಕಿತೋ, ಎಡಗಡೆಯ ಚಕ್ರ ನಿಲ್ಲುತ್ತದೆ, ಬಲಗಡೆಯದು ಓಡುತ್ತದೆ, ಆಮೆ ಎಡಕ್ಕೆ ತಿರುಗಿ ಮತ್ತೆ ದಾರಿಗೆ ಬರುತ್ತದೆ. ಇಷ್ಟೇ ಗುಟ್ಟು. ಆದರೆ ಯಾವುದನ್ನು ಕಪ್ಪು ಅನ್ನಬೇಕು, ಯಾವುದನ್ನು ಬಿಳಿ ಅನ್ನಬೇಕು ಎಂದು ಕಣ್ಣಿಗೆ ಕಲಿಸಬೇಕಲ್ಲ? ಅದಕ್ಕೆ ಒಂದೊಂದು ಕಣ್ಣಿನ ಮೇಲೂ ಒಂದೊಂದು ತಿರುಪು. ಕೂದಲೆಳೆಯಷ್ಟು ಈ ಕಡೆ ತಿರುಗಿಸಿದರೆ ಎಲ್ಲವೂ ಬಿಳಿ, ಆ ಕಡೆ ತಿರುಗಿಸಿದರೆ ಎಲ್ಲವೂ ಕಪ್ಪು. ಮಧ್ಯದ ಆ ಒಂದು ಜಾಗ ಸಿಗಬೇಕು.

ಭಾನುವಾರವಿಡೀ ಮನೆಯ ಸಿಮೆಂಟು ನೆಲಕ್ಕೆ ಟೇಪು ಅಂಟಿಸಿ, ಮಂಡಿಯೂರಿ ಕೂತು ತಿರುಪು ತಿರುಗಿಸಿದಳು. ಒಂದು ಸಲ ಒಂದೇ ತಿರುಪು, ಒಂದೇ ಎಳೆ, ಆಮೇಲೆ ಓಡಿಸಿ ನೋಡುವುದು. ಎರಡನ್ನೂ ಒಟ್ಟಿಗೆ ಮುಟ್ಟಿದರೆ ತಪ್ಪು ಯಾವುದರಲ್ಲಿದೆ ಎಂದು ಗೊತ್ತಾಗುವುದಿಲ್ಲ ಎನ್ನುವುದು ಹಳೆಯ ಮೇಷ್ಟ್ರು ಕಲಿಸಿದ ಪಾಠ. ಸಂಜೆ ಆಮೆ ಗೆರೆ ಬಿಡದೆ ಮಂಚದ ಸುತ್ತ ಬಂತು. ಅತ್ತೆ ಕಾಲು ಮೇಲೆತ್ತಿಕೊಂಡು ಚಪ್ಪಾಳೆ ತಟ್ಟಿದರು.

ಸೋಮವಾರ ಲ್ಯಾಬಿನಲ್ಲಿ ಬಿಟ್ಟರೆ, ಕಥೆಯೇ ಬೇರೆ! ಕುಡಿದವರ ಹಾಗೆ ತೂರಾಡಿ ಬೆಂಚಿನಡಿ ನುಗ್ಗಿತು. ಲ್ಯಾಬಕ್ಕ ತಲೆ ಮೇಲೆ ಕೈ ಹೊತ್ತು ಕೂತಳು. ಸ್ವಲ್ಪ ಹೊತ್ತಿನ ಮೇಲೆ ತಾನೇ ಕಂಡುಕೊಂಡಳು. ಮನೆಯದು ಬೂದು ಬಣ್ಣದ ಸಿಮೆಂಟು, ಇಲ್ಲಿನದು ತಿಳಿ ಬಣ್ಣದ ಮೊಸಾಯಿಕ್ಕು. ಆಮೆಗೆ ಕಲಿಸಿದ್ದು ಆ ಮನೆಯ ಪಾಠ. ಸರಿ, ಇಲ್ಲಿ ಓಡಬೇಕಾದದ್ದನ್ನು ಇಲ್ಲೇ ಪಳಗಿಸಬೇಕು.

ಅಂದಿನಿಂದ ದಿನಾ ಸಂಜೆ ನಾಲ್ಕೂವರೆಗೆ, ಕೊನೆಯ ಕ್ಲಾಸು ಮುಗಿದು ಮಕ್ಕಳು ಇಳಿದುಹೋದ ಮೇಲೆ, ಕಸಬರಿಕೆ ಹಿಡಿಯುವ ಮೊದಲು ಒಂದು ಗಂಟೆ ಆಮೆಗೆ. ಟೀಚರ್ ಉತ್ತರ ಪತ್ರಿಕೆ ತಿದ್ದುತ್ತಾ ಕಿಟಕಿಯ ಹತ್ತಿರ ಕೂತಿರುತ್ತಿದ್ದರು. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಕಿರ್‌ರ್ ಎನ್ನುವ ಮೋಟಾರು, ಪರಪರ ಎನ್ನುವ ಕಾಗದ, ಅಷ್ಟೇ ಸದ್ದು. ಲ್ಯಾಬಕ್ಕನಿಗೆ ಆ ಒಂದು ಗಂಟೆ ಎಷ್ಟು ಹಿಡಿಸಿಬಿಟ್ಟಿತ್ತೆಂದರೆ, ಕೆಲಸ ಹೋಗುವ ಭಯವೂ ಆಗ ಬಾಗಿಲಾಚೆ ಕಾಯುತ್ತಿತ್ತು. ದಾರಿಯಲ್ಲಿ ಹಾವಿನ ಹಾಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಾಗುವ ಒಂದು ತಿರುವಿತ್ತು. ಅದೊಂದೇ ಆರು ದಿನ ಸತಾಯಿಸಿತು. ಏಳನೇ ದಿನ ಅದೂ ದಾರಿಗೆ ಬಂತು. ಎರಡು ಸುತ್ತು, ಮೂರು ಸುತ್ತು, ಐದು ಸುತ್ತು. ತಿರುಪು ಇರಬೇಕಾದ ಜಾಗ ಸಿಕ್ಕಿದ ಮೇಲೆ ಟೀಚರ್ ಹತ್ತಿರ ಕೆಂಪು ಉಗುರುಬಣ್ಣ ಕೇಳಿ ಪಡೆದು, ಎರಡೂ ತಿರುಪಿನ ತಲೆಗೆ ಒಂದೊಂದು ಗುರುತು ಎಳೆದಳು. ಶುಕ್ರವಾರ ಸಂಜೆ ಲೆಕ್ಕ ಇಟ್ಟು ಹತ್ತು ಸಲ ಓಡಿಸಿದಳು, ಹತ್ತೂ ಸಲ ಸರಿ.

"ಅಕ್ಕ, ಇನ್ನು ಮುಟ್ಟಬೇಡಿ. ಹಾಗೇ ಇಟ್ಟುಬಿಡಿ" ಎಂದರು ಟೀಚರ್.

"ಮುಟ್ಟಲ್ಲ ಮೇಡಂ" ಎಂದಳು. ಆಮೆಯನ್ನು ಮುಟ್ಟಲೂ ಇಲ್ಲ.

ಶನಿವಾರ ಬೆಳಗ್ಗೆ ಏಳಕ್ಕೇ ಬಂದಳು. ಬೀಗ ತೆಗೆದು ಒಳಗೆ ಕಾಲಿಟ್ಟರೆ ನೆಲದ ತುಂಬ ಹಿಂದಿನ ದಿನದ ಹೆಜ್ಜೆ. ಶುಕ್ರವಾರ ಆಮೆಯ ಗುಂಗಿನಲ್ಲಿ ಕಸ ಹೊಡೆದದ್ದೇ ಬಂತು, ಒರೆಸಿರಲಿಲ್ಲ. ಅಷ್ಟೇ ಏಕೆ, ಟೇಪು ಅಂಟಿಸಿದ ಆ ಎರಡು ವಾರ ದಾರಿಯ ಭಾಗವನ್ನು ಒದ್ದೆ ಬಟ್ಟೆಯಿಂದ ಮುಟ್ಟಿರಲೇ ಇಲ್ಲ, ಟೇಪು ಏಳಬಾರದೆಂದು. ಕಮಿಟಿಯವರು ಬರುತ್ತಾರೆ, ಕಾರ್ಯದರ್ಶಿ ಬರುತ್ತಾರೆ, ಇಂಥ ನೆಲವನ್ನು ತೋರಿಸುವುದೇ? ಹತ್ತೊಂಬತ್ತು ವರ್ಷದ ಮರ್ಯಾದೆ ಮಣ್ಣುಪಾಲು! ಬಕೆಟ್ಟು ತಂದಳು. ಸೋಪಿನ ನೀರಿನಲ್ಲಿ ಒಮ್ಮೆ, ಬರೀ ನೀರಿನಲ್ಲಿ ಒಮ್ಮೆ. ಆಮೇಲೆ, ತಪಾಸಣೆಯ ದಿನಕ್ಕೆಂದು ವರ್ಷಕ್ಕೊಮ್ಮೆ ಮಾತ್ರ ತೆಗೆಯುವ ಪಾಲಿಶ್ ದ್ರವದ ಡಬ್ಬಿ ಬಿಚ್ಚಿ ಇಡೀ ನೆಲಕ್ಕೆ ಹಚ್ಚಿದಳು. ಟೇಪನ್ನು ಮಾತ್ರ ಬಿಟ್ಟರೆ ಚೆನ್ನಾಗಿ ಕಾಣುವುದಿಲ್ಲವೆಂದು ಅದರ ಮೇಲೂ ನಾಜೂಕಾಗಿ, ಮಗುವಿನ ಮುಖ ಒರೆಸುವ ಹಾಗೆ, ಎರಡೆರಡು ಸಲ. ಒಂಬತ್ತೂವರೆಗೆ ನೆಲ ಫಳಫಳ ಹೊಳೆಯುತ್ತಿತ್ತು. ಬಾಗಿಲಲ್ಲಿ ನಿಂತು ನೋಡಿ ತೃಪ್ತಿಪಟ್ಟಳು. ಕೈಗೆ ರೂಢಿಯಾದ ಕೆಲಸ ಬುದ್ಧಿಯನ್ನು ಕೇಳಿ ನಡೆಯುವುದಿಲ್ಲ ನೋಡಿ.

ಹತ್ತು ಗಂಟೆಗೆ ಮೂವರು ಬಂದರು. ಕಾರ್ಯದರ್ಶಿ, ಹೆಡ್‌ಮಿಸ್ಸು, ಜೊತೆಗೆ ಕಮಿಟಿಯ ಹಿರಿಯ ಸದಸ್ಯರೊಬ್ಬರು. ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಫೋರ್‌ಮನ್ ಆಗಿದ್ದವರು, ದಪ್ಪ ಹುಬ್ಬು, ಕಿವಿ ಸ್ವಲ್ಪ ಮಂದ. ಬಾಗಿಲಲ್ಲಿ ಲ್ಯಾಬಕ್ಕ ಅಭ್ಯಾಸಬಲದಿಂದ, "ಶೂ ಆಚೆ ಬಿಡಿ ಸಾರ್" ಎಂದಳು. ಬಿಟ್ಟರು. ಕಾರ್ಯದರ್ಶಿಗಳ ಕಾಲುಚೀಲದಿಂದ ಹೆಬ್ಬೆರಳು ಇಣುಕಿತು. ಎಲ್ಲರೂ ನೋಡಿಯೂ ನೋಡದವರಂತೆ ಇದ್ದರು.

"ಹೂಂ, ಶುರು ಮಾಡಮ್ಮಾ."

ಆಮೆಯನ್ನು ಗೆರೆಯ ಮೇಲಿಟ್ಟು ಗುಂಡಿ ಒತ್ತಿದಳು. ನೇರ ದಾರಿಯಲ್ಲಿ ಚೆನ್ನಾಗಿಯೇ ಹೋಯಿತು. ಮೊದಲ ತಿರುವು ಬಂತು. ಗೆರೆ ಎಡಕ್ಕೆ ಬಾಗಿತು, ಆಮೆ ಬಾಗಲಿಲ್ಲ. ಟೇಪನ್ನು ದಾಟಿ, ಏನೂ ಆಗಿಲ್ಲವೆಂಬಂತೆ ನೆಟ್ಟಗೆ ನಡೆದು ಕಪಾಟಿಗೆ ಗುದ್ದಿ, ಅಲ್ಲೇ ಚಕ್ರ ತಿರುಗಿಸುತ್ತಾ ನಿಂತಿತು.

"ಒಂದು" ಎಂದರು ಕಾರ್ಯದರ್ಶಿ.

ನಿನ್ನೆ ಹತ್ತಕ್ಕೆ ಹತ್ತು ಓಡಿದ್ದು ಇದೇ ಅಲ್ಲವೇ? ಗುರುತು ನೋಡಿದಳು, ತಿರುಪು ಕದಲಿರಲಿಲ್ಲ. ಬ್ಯಾಟರಿ ಹೊಸದು. ಕಣ್ಣಿಗೆ ಕಪ್ಪು ಕಾಣುತ್ತಿಲ್ಲ, ಅಷ್ಟು ನಿಜ. ಕಾಣುವ ಹಾಗೆ ಮಾಡೋಣವೆಂದು ಎರಡೂ ತಿರುಪನ್ನು ಒಂದೆಳೆ ತಿರುಗಿಸಿದಳು. ಎರಡನ್ನೂ ಒಟ್ಟಿಗೆ! ಗಾಬರಿಯಲ್ಲಿ ಮೇಷ್ಟ್ರ ಪಾಠವೂ ಮರೆತಿತ್ತು. ಈ ಸಲ ಆಮೆ ಒಂದು ಗೇಣು ಹೋಗಿ, ಎಲ್ಲವೂ ಕಪ್ಪೆಂದು ತಿಳಿದು, ಗರ ಬಡಿದವರಂತೆ ನಿಂತುಬಿಟ್ಟಿತು.

"ಎರಡು."

ಟೀಚರ್ ಮುಖ ಬಿಳಿಚಿಕೊಂಡಿತು. ಹೆಡ್‌ಮಿಸ್ಸು ಕಿಟಕಿಯಾಚೆ ನೋಡಿದರು. ಕಾರ್ಯದರ್ಶಿಗಳು ಗಡಿಯಾರ ನೋಡಿಕೊಂಡು, "ಪರವಾಗಿಲ್ಲ ಬಿಡಮ್ಮಾ, ಎಲ್ಲರಿಗೂ ಎಲ್ಲಾ ಬರಲ್ಲ" ಎಂದರು. ಆ ಮಾತಿನಲ್ಲಿ ಕರುಣೆಯಿತ್ತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು, ಕರುಣೆಯೇ ಅವಳಿಗೆ ಚುಚ್ಚಿತು.

"ಒಂದು ನಿಮಿಷ ಕೊಡಿ ಸಾರ್" ಎಂದಳು. ಆಮೆಯನ್ನು ಪಕ್ಕಕ್ಕಿಟ್ಟು, ನೆಲಕ್ಕೆ ಕೆನ್ನೆ ಹಚ್ಚಿ ಮಲಗಿಬಿಟ್ಟಳು. ಕಮಿಟಿಯವರೆದುರಿಗೆ, ಸೀರೆಯ ಪರಿವೆಯಿಲ್ಲದೆ. ಆಮೆಯ ಕಣ್ಣು ಇರುವ ಎತ್ತರಕ್ಕೆ ತನ್ನ ಕಣ್ಣು ತಂದು ಟೇಪಿನತ್ತ ನೋಡಿದಳು. ಟೇಪಿನ ಕಪ್ಪೇ ಅಲ್ಲಿರಲಿಲ್ಲ. ಕಿಟಕಿ ಇತ್ತು. ಕಿಟಕಿಯ ಸರಳುಗಳು, ಆಚೆಯ ಆಕಾಶದ ಬಿಳುಪು, ಎಲ್ಲಾ ಆ ಕಪ್ಪು ಪಟ್ಟಿಯಲ್ಲಿ ನೀರಿನಲ್ಲಿ ಕಂಡಷ್ಟು ಸ್ಪಷ್ಟವಾಗಿ ಹೊಳೆಯುತ್ತಿದ್ದವು. ಬೆಳಕು ಬಿಟ್ಟರೆ ಅದು ತಿರುಗಿ ಬರುತ್ತದೆ, ಪಾಪದ ಆಮೆ ಅದನ್ನು ಬಿಳಿ ಎನ್ನದೆ ಇನ್ನೇನೆಂದೀತು?

"ಅಯ್ಯೋ ನನ್ನ ಕೈಗಿಷ್ಟು!" ಎಂದು ಹಣೆ ಚಚ್ಚಿಕೊಂಡು ಎದ್ದಳು. "ಮೇಡಂ, ಆಮೆ ಕುರುಡಾಗಿಲ್ಲ. ನಾನೇ ಕಣ್ಣಿಗೆ ಬೆಳಕು ಹೊಡೆದಿದ್ದೀನಿ. ಇದು ದಿನಾ ಓಡಿದ್ದು ಇನ್ನೂರು ಕಾಲು ತುಳಿದ ನೆಲದ ಮೇಲೆ. ಇವತ್ತು ನಾನು ಪಾಲಿಶ್ ಹಚ್ಚಿಬಿಟ್ಟೆ!"

"ಏನಂತೆ?" ಎಂದರು ಫೋರ್‌ಮನ್, ಕಿವಿಗೆ ಕೈ ಹಿಡಿದು. ಟೀಚರ್ ಜೋರಾಗಿ ಹೇಳಿದರು. ಅವರ ದಪ್ಪ ಹುಬ್ಬು ಮೇಲೇರಿತು.

"ಈಗೇನು ಮಾಡ್ತೀಯಮ್ಮ? ಬೇರೆ ಟೇಪ್ ಹಾಕ್ತೀಯಾ?"

"ಟೇಪ್ ಮುಗಿದಿದೆ ಸಾರ್. ಒದ್ದೆ ಬಟ್ಟೇಲಿ ಉಜ್ಜಿದ್ರೆ ಇನ್ನೂ ಹೊಳೆಯುತ್ತೆ, ನಂಗೆ ಗೊತ್ತು." ಅಲ್ಲಿಗೆ ನಿಂತಳು. ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂದರೂ ಆಚೆ ಬರಲೊಲ್ಲದು. ಕಡೆಗೆ ಕಣ್ಣು ಮುಚ್ಚಿ ಹೇಳಿಯೇ ಬಿಟ್ಟಳು. "ಸಾರ್, ದಯವಿಟ್ಟು ಎಲ್ಲರೂ ಶೂ ಹಾಕ್ಕೊಳ್ಳಿ. ಕೆಳಗೆ ಮೈದಾನದಲ್ಲಿ ಒಂದು ಸುತ್ತು ನಡೀರಿ. ಮಣ್ಣು ಮೆತ್ಕೊಂಡು ಬಂದು ಈ ಗೆರೆ ಮೇಲೆ ಕಾಲು ಎಳೀರಿ."

ಹೆಡ್‌ಮಿಸ್ಸು ತಮ್ಮ ಕಿವಿಯನ್ನೇ ನಂಬಲಿಲ್ಲ. "ನೀವಾ ಹೇಳ್ತಿರೋದು ಇದು?"

"ತಮಾಷೆ ಮಾಡ್ತಿದ್ದೀರಾ?" ಎಂದು ಕಾರ್ಯದರ್ಶಿ ಸಿಡುಕಿದರು. ಆದರೆ ಫೋರ್‌ಮನ್ ಆಗಲೇ ಬಾಗಿಲಾಚೆ ಬಗ್ಗಿ ಲೇಸು ಕಟ್ಟುತ್ತಿದ್ದರು. "ಬನ್ರೀ ಸ್ವಾಮಿ, ಯಂತ್ರ ಯಾಕೆ ನಿಂತಿತು ಅಂತ ಹೇಳಿದ್ದಾರೆ. ನಿಜವೋ ಸುಳ್ಳೋ ನೋಡೋಣ. ನಾಲ್ಕು ಹೆಜ್ಜೆ ನಡೆದ್ರೆ ಸವೆದು ಹೋಗ್ತೀರಾ?"

ಹತ್ತು ನಿಮಿಷದ ಮೇಲೆ ಆ ಲ್ಯಾಬಿನಲ್ಲಿ ಒಂದು ಮೆರವಣಿಗೆ ನಡೆಯಿತು. ಮುಂದೆ ಫೋರ್‌ಮನ್, ಅವರ ಹಿಂದೆ ಕಾರ್ಯದರ್ಶಿ, ಅವರ ಹಿಂದೆ ಹೆಡ್‌ಮಿಸ್ಸು, ಕೊನೆಗೆ ಟೀಚರ್. ಕಪ್ಪು ಗೆರೆಯ ಮೇಲೆ ಒಬ್ಬರ ಹಿಂದೊಬ್ಬರು ಪರಪರನೆ ಕಾಲೆಳೆಯುತ್ತಾ, ಹಾವಿನ ತಿರುವಿನಲ್ಲಿ ಸೊಂಟ ತಿರುಗಿಸುತ್ತಾ. ಮೂರನೇ ಸುತ್ತಿಗೆ ಹೆಡ್‌ಮಿಸ್ಸಿಗೆ ನಗು ತಡೆಯಲಾಗಲಿಲ್ಲ. ಲ್ಯಾಬಕ್ಕ ಮಾತ್ರ ನಗಲಿಲ್ಲ. ಎರಡೂವರೆ ಗಂಟೆ ಬೆವರು ಸುರಿಸಿದ ನೆಲದ ಮೇಲೆ ಮಣ್ಣಿನ ಪಟ್ಟೆ ಒಂದೊಂದಾಗಿ ಮೂಡುವುದನ್ನು ನೋಡಲಾರದೆ ಮುಖ ತಿರುಗಿಸಿದಳು. ಆದರೂ ಇನ್ನೂ ಹೊಳೆಯುತ್ತಿದ್ದ ಒಂದು ಜಾಗ ಕಣ್ಣಿಗೆ ಬಿತ್ತು. ಆಚೆ ಹೋಗಿ ತನ್ನ ಚಪ್ಪಲಿ ಮೆಟ್ಟಿಕೊಂಡು ಬಂದು, ತಾನೇ ಅಲ್ಲಿ ಕಾಲು ಉಜ್ಜಿದಳು. ಸಡಿಲ ಮಣ್ಣನ್ನು ಒಣ ಬಟ್ಟೆಯಿಂದ ಕೊಡವಿದಳು. ಮತ್ತೆ ಕೆನ್ನೆ ಹಚ್ಚಿ ನೋಡಿದಳು. ಕಿಟಕಿ ಮಾಯವಾಗಿತ್ತು. ಟೇಪು ಮಂಕಾಗಿ, ಕಪ್ಪಗೆ, ಟೇಪಿನ ಹಾಗೇ ಇತ್ತು.

ಎಡಗಣ್ಣಿನ ತಿರುಪನ್ನು ಕೆಂಪು ಗುರುತಿಗೆ ತಂದಳು. ಪರೀಕ್ಷಿಸಿದಳು. ಆಮೇಲೆ ಬಲಗಣ್ಣಿನದು. ಅವಸರ ಮಾಡಲಿಲ್ಲ.

"ಮೂರು" ಎಂದು ತಾನೇ ಹೇಳಿ ಗುಂಡಿ ಒತ್ತಿದಳು.

ಆಮೆ ಹೊರಟಿತು. ಮೊದಲ ತಿರುವಿನಲ್ಲಿ ಒಮ್ಮೆ ಕತ್ತು ಕೊಂಕಿಸಿ, ಬಾಗಿತು. ಉದ್ದದ ದಾರಿ ಮುಗಿಸಿತು. ಹಾವಿನ ತಿರುವಿನ ನಡುವೆ ಒಂದು ಕ್ಷಣ ಹೋಗಲೋ ಬೇಡವೋ ಎಂದು ಅಲುಗಾಡಿತು. ಕಾರ್ಯದರ್ಶಿಗಳು ಗೊತ್ತಿಲ್ಲದೆಯೇ "ಹೋಗು, ಹೋಗು" ಎಂದು ಗೊಣಗಿದರು. ಹೋಯಿತು. ಒಂದು ಸುತ್ತಾಯಿತು. ಎರಡನೇ ಸುತ್ತಿಗೂ ಗೆರೆ ಬಿಡಲಿಲ್ಲ. ಹೊರಟ ಜಾಗಕ್ಕೆ ಬಂದು ದಾಟಿದಾಗ ಲ್ಯಾಬಕ್ಕ ಬಗ್ಗಿ ಅದನ್ನು ಕೈಗೆತ್ತಿಕೊಂಡಳು. ಗಾಳಿಯಲ್ಲಿ ಚಕ್ರ ಇನ್ನೂ ತಿರುಗುತ್ತಿತ್ತು.

ಫೋರ್‌ಮನ್ ಕೇಳಿದರು, "ರಿಜಿಸ್ಟರಿನಲ್ಲಿ ದೋಷ ಯಾರದು ಅಂತ ಬರೆಯೋಣ? ಯಂತ್ರದ್ದೋ, ಟೇಪಿಂದೋ?"

"ನಂದೇ ಸಾರ್. ಒರೆಸಿದ್ದು ನಾನೇ. ಹಾಗೇ ಬರೀರಿ."

ಫೋರ್‌ಮನ್ ಕಾರ್ಯದರ್ಶಿಗಳತ್ತ ತಿರುಗಿದರು. "ನನ್ನ ಕೈಕೆಳಗೆ ನಾನೂರು ಜನ ಕೆಲಸ ಮಾಡಿದ್ದಾರೆ. ಹೀಗೆ ಹೇಳಿದೋರನ್ನ ಬೆರಳಲ್ಲಿ ಎಣಿಸಬಹುದು. ನಿಮಗೆ ಇನ್ಯಾವ ಸರ್ಟಿಫಿಕೇಟ್ ಬೇಕು ಸ್ವಾಮಿ?"

ಕಾರ್ಯದರ್ಶಿಗಳು ಮತ್ತೆ ಕನ್ನಡಕ ತೆಗೆದು ಒರೆಸಿದರು. "ಆಯ್ತು, ಆಯ್ತು. ಒಂದನೇ ತಾರೀಖಿಗೆ ಆರ್ಡರ್ ಮಾಡಿಸ್ತೀನಿ. ಕಾಗದ ನಾನು ನೋಡ್ಕೋತೀನಿ" ಎಂದರು. ಮೂವರೂ ಮಣ್ಣಿನ ಶೂಗಳಲ್ಲೇ ಮೆಟ್ಟಿಲಿಳಿದರು.

ಅವರು ಹೋದ ಕೂಡಲೇ ಟೀಚರ್ ಓಡಿಬಂದು ತಬ್ಬಿಕೊಂಡರು. ಲ್ಯಾಬಕ್ಕ ಬೆನ್ನು ತಟ್ಟಿ, ಬಿಡಿಸಿಕೊಂಡು, ಮೂಲೆಯಲ್ಲಿದ್ದ ಬಕೆಟ್ಟಿಗೆ ಕೈ ಹಾಕಿದಳು. ನೆಲವಂತೂ ನೋಡುವ ಹಾಗಿರಲಿಲ್ಲ.

ಟೀಚರ್ ಬಕೆಟ್ಟಿನ ಹಿಡಿಯನ್ನು ಹಿಡಿದರು. "ಬಿಡಿ ಅಕ್ಕ. ಇನ್ನು ಇದು ನಿಮ್ಮ ಕೆಲಸ ಅಲ್ಲ."

ಒಳ್ಳೆಯ ಮಾತೇ. ಸಂತೋಷದಿಂದ ಹೇಳಿದ ಮಾತು. ಆದರೆ ಅದು ಲ್ಯಾಬಕ್ಕನ ಎದೆಗೆ ನಾಟಿತು. ಮೂರು ವಾರ ಈ ಕೋಣೆ ಕೈಬಿಟ್ಟುಹೋಗುತ್ತದೆಂದು ಹೆದರಿದ್ದಳು. ಗೆದ್ದರೂ ಇದರ ನೆಲ ಕೈಬಿಟ್ಟುಹೋಗುತ್ತದೆಂದು ಒಮ್ಮೆಯೂ ಹೊಳೆದಿರಲಿಲ್ಲ. ಯಾವ ಕಲ್ಲು ಎಲ್ಲಿ ಬಿರುಕು ಬಿಟ್ಟಿದೆ, ಯಾವ ಮೂಲೆಯಲ್ಲಿ ನೀರು ನಿಲ್ಲುತ್ತದೆ, ಎಲ್ಲಾ ಅಂಗೈಗೆ ಗೊತ್ತಿತ್ತು. ಒಂದನೇ ತಾರೀಖಿಗೆ ಯಾರೋ ಬರುತ್ತಾರೆ, ಉದ್ದ ಕೋಲಿನಲ್ಲಿ ನಿಂತುಕೊಂಡೇ ಎಳೆದು ಹೋಗುತ್ತಾರೆ. ಸ್ಟೂಲಿನ ಮೇಲೆ ಕುಸಿದು, ಆಮೆಯನ್ನು ಮಡಿಲಲ್ಲಿಟ್ಟುಕೊಂಡು, ಗೋಳೋ ಎಂದು ಅತ್ತುಬಿಟ್ಟಳು. ಟೀಚರಿಗೆ ಏನೂ ತಿಳಿಯಲಿಲ್ಲ.

"ಅಕ್ಕ, ಯಾಕೆ? ಗೆದ್ದಿದ್ದೀರಲ್ಲ!"

"ಗೆದ್ದಿದ್ದಕ್ಕೇ ಮೇಡಂ" ಎಂದಳು, ಮೂಗು ಒರೆಸಿಕೊಂಡು. "ಸೋತಿದ್ರೆ ಕೋಪ ಬರ್ತಿತ್ತು, ಅಳು ಬರ್ತಿರ್ಲಿಲ್ಲ. ನಂಗೆ ಚೆನ್ನಾಗಿ ಬರ್ತಿದ್ದಿದ್ದು ಅದೊಂದೇ ಕೆಲಸ."

ಟೀಚರ್ ಬಕೆಟ್ಟಿನ ಹಿಡಿಯಿಂದ ಕೈ ತೆಗೆದರು.

"ಆರ್ಡರ್ ಬರೋದು ಒಂದನೇ ತಾರೀಖಿಗೆ ಅಲ್ವಾ?" ಎಂದರು. "ಇವತ್ತು ಇನ್ನೂ ಇಪ್ಪತ್ತಾರು."

ಲ್ಯಾಬಕ್ಕ ಎದ್ದಳು. ಆಮೆಯನ್ನು ಟೀಚರ ಕೈಗೆ ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನಲ್ಲಿ ಬಿಟ್ಟಳು. "ಕಾಲು ಮೇಲಕ್ಕೆ ತಗೊಳ್ಳಿ ಮೇಡಂ" ಎಂದು ಗದರಿ, ಮಂಡಿಯೂರಿ, ದೂರದ ಮೂಲೆಯಿಂದ ಶುರುಮಾಡಿದಳು. ಆವತ್ತು ಎಂದಿಗಿಂತ ನಿಧಾನವಾಗಿ ಒರೆಸಿದಳು.